ಸತ್ತ ಮಂಗನ ಸುದ್ದಿ ಯಾರಿಗೆ ಹೇಳಬೇಕು?

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲು ಮುಗಿಯುತ್ತ ಬರುವ ಹೊತ್ತಿಗೆ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕಾಡಂಚಿನ ಮನೆಗಳಲ್ಲಿ ಒಂದು ಅಳುಕು ತಲೆ ಎತ್ತುತ್ತದೆ. ಸೊಪ್ಪಿನ ಬೆಟ್ಟಕ್ಕೆ ದರಗು ಗುಡಿಸಲು ಹೋದವರು ಮರದ ಬುಡದಲ್ಲಿ ಸತ್ತ ಮಂಗವನ್ನು ಕಂಡರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಾಡಿನ ಉಣುಗು (ಉಣ್ಣೆ) ಕಚ್ಚಿ ಮಂಗಕ್ಕೂ ಮನುಷ್ಯರಿಗೂ ಹರಡುವ ಮಂಗನ ಕಾಯಿಲೆ ಎಂದರೇನೆಂದು ಇಲ್ಲಿಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಆ ಸುದ್ದಿಯನ್ನು ಯಾರಿಗೆ ಮುಟ್ಟಿಸಬೇಕು ಎಂದು, ನಿವೃತ್ತನಾಗಿ ಮನೆಯಲ್ಲಿ ಕುಳಿತಿರುವ ನನಗೆ ಫೋನ್ ಮಾಡಿ ಕೇಳುವವರು ಈಚಿನ ವರ್ಷಗಳಲ್ಲಿ ಹೆಚ್ಚುತ್ತಿದ್ದಾರೆ. ಸಹಾಯವಾಣಿ ಇದೆ, ವಾಟ್ಸ್‌ಆ್ಯಪ್ ಗುಂಪುಗಳಿವೆ. ಆದರೂ ಜನ ಹುಡುಕುವುದು ಹೆಸರು, ಮುಖ, ಮನೆ ಗೊತ್ತಿರುವ ಒಬ್ಬ ಮನುಷ್ಯನನ್ನು. ಈ ಪತ್ರ ಆ ಮನುಷ್ಯನ ಕುರಿತಾದದ್ದು.

ಮೂರು ದಶಕಕ್ಕೂ ಮಿಕ್ಕಿ ನಾನು ಆರೋಗ್ಯ ಇಲಾಖೆಯಲ್ಲಿ ಮೊದಲು ಕಿರಿಯ, ಆಮೇಲೆ ಹಿರಿಯ ಆರೋಗ್ಯ ಸಹಾಯಕನಾಗಿ ದುಡಿದೆ. ಒಂದು ಸೈಕಲ್ಲು, ರಕ್ತಲೇಪನದ ಗಾಜಿನ ಪಟ್ಟಿಗಳಿದ್ದ ಪೆಟ್ಟಿಗೆ, ಮಲೇರಿಯಾದ ಕ್ಲೋರೊಕ್ವಿನ್ ಮಾತ್ರೆಯ ಡಬ್ಬಿ, ಮೇಲಿನವರ ಬೈಗುಳ ತಪ್ಪದ ಒಂದು ಡೈರಿ, ಇಷ್ಟು ನನ್ನ ಆಸ್ತಿ. ಮಂಗ ಸತ್ತ ಸುದ್ದಿ ಬಂದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ವರದಿ ಕೊಡಬೇಕು, ಪಶುವೈದ್ಯರನ್ನು ಕರೆಸಿ ಮಾದರಿ ತೆಗೆಸಬೇಕು, ಕಳೇಬರ ಸುಡಿಸಿ ಸುತ್ತ ಮ್ಯಾಲಥಿಯಾನ್ ಎಂಬ ಕೀಟನಾಶಕ ಪುಡಿ ಎರಚಬೇಕು, ಆ ಕಡೆ ದನ ಮೇಯಲು ಅಟ್ಟಬೇಡಿ ಎಂದು ಮನೆಮನೆಗೆ ಹೇಳಿ, ಹೋಗಲೇಬೇಕಾದವರ ಕೈಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟು, ಮುಂದಿನ ಎರಡು ವಾರ ಯಾರ ಮನೆಯಲ್ಲಿ ಜ್ವರ ಎಂದು ವಿಚಾರಿಸುತ್ತಿರಬೇಕು. ಇದರಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ. ಬೇಕಾದದ್ದು ಊರಿನ ದಾರಿ ಗೊತ್ತಿರುವ, ಊರಿಗೆ ಗೊತ್ತಿರುವ ಒಬ್ಬ ನೌಕರ, ಅಷ್ಟೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಹಿಂದೆಯೇ ಸುತ್ತಲಿನ ಹಳ್ಳಿಗರು ಜ್ವರ ಹಿಡಿದು ಮಲಗಿದಾಗ, ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಇದೊಂದು ಹೊಸ ವೈರಾಣು ಎಂದು ಗುರುತಿಸಿದರು. ಲೋಕದ ವೈದ್ಯಗ್ರಂಥಗಳಲ್ಲಿ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದು ನಮ್ಮ ಊರಿನ ಹೆಸರು ಸೇರಿಕೊಂಡದ್ದು ಹೀಗೆ. ಅಂದು ಒಂದು ಕಾಡಿನ ಕಾಯಿಲೆಯಾಗಿದ್ದದ್ದು ಈಗ ಪಶ್ಚಿಮಘಟ್ಟದ ಉದ್ದಕ್ಕೂ ಹಬ್ಬಿ, 2012ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿದೆ. 2018ರ ಕೊನೆಯಿಂದ 2019ರ ಬೇಸಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಈ ಕಾಯಿಲೆಯಿಂದ ಅನುಭವಿಸಿದ ಸಾವುನೋವನ್ನು ತಮ್ಮ ಓದುಗರು ಮರೆತಿರಲಾರರು. ಈ ರೋಗಕ್ಕೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಲಸಿಕೆಯೊಂದಿತ್ತು. ಅದನ್ನು ಸಾವಿರಾರು ತೋಳುಗಳಿಗೆ ಚುಚ್ಚಿದವರಲ್ಲಿ ನಾನೂ ಒಬ್ಬ. ಬಹಳ ನೋವು ಕೊಡುತ್ತಿದ್ದ ಆ ಸೂಜಿಗೆ ಒಮ್ಮೆ ಕೈಯೊಡ್ಡಿದವರು ಎರಡನೆಯ ಸಲ ನಮ್ಮ ಸೈಕಲ್ಲಿನ ಗಂಟೆ ಕೇಳಿದರೆ ತೋಟಕ್ಕೆ ಇಳಿದುಬಿಡುತ್ತಿದ್ದರು. 2005ರಿಂದ 2010ರವರೆಗಿನ ಅಂಕಿಅಂಶ ಆಧರಿಸಿದ ಅಧ್ಯಯನವೊಂದು ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಶೇ 62.4, ಬೂಸ್ಟರ್ ಸಹ ಪಡೆದವರಲ್ಲಿ ಶೇ 82.9 ಎಂದು ಲೆಕ್ಕ ಹಾಕಿತ್ತು. ಗುಣಮಟ್ಟದ ಪ್ರಶ್ನೆಗಳ ನಡುವೆ 2022ರಲ್ಲಿ ಆ ಹಳೆಯ ಲಸಿಕೆಯೂ ನಿಂತಿತು. ಔಷಧವಿಲ್ಲದ, ಹಳೆಯ ಲಸಿಕೆಯೂ ಕೈತಪ್ಪಿದ ಕಾಯಿಲೆಗೆ ಉಳಿಯುವುದು ಮುನ್ನೆಚ್ಚರಿಕೆ ಒಂದೇ, ಮತ್ತು ಮುನ್ನೆಚ್ಚರಿಕೆ ಎಂದರೆ ಆ ಸೈಕಲ್ಲಿನ ಮನುಷ್ಯ. ಅವನ ಹುದ್ದೆಯೇ ಖಾಲಿ ಬಿದ್ದಿದ್ದರೆ?

ಈ ಹುದ್ದೆಗಳು ಹೇಗೆ ಖಾಲಿಯಾದವು ಎಂಬುದಕ್ಕೊಂದು ಹಿನ್ನೆಲೆಯಿದೆ, ಅದನ್ನು ಒಳಗಿನವರು ಬಲ್ಲರು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ, ಸಿಡುಬಿನವರು, ಮಲೇರಿಯಾದವರು, ಕುಟುಂಬ ಯೋಜನೆಯವರು ಎಂದು ಬೇರೆಬೇರೆಯಾಗಿ ಓಡಾಡುತ್ತಿದ್ದ ನೌಕರರನ್ನೆಲ್ಲ ವಿವಿಧೋದ್ದೇಶ ಕಾರ್ಯಕರ್ತರೆಂದು ಒಂದುಗೂಡಿಸಲು ಹೇಳಿತು. ಬಯಲು ಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ, ಅಲ್ಲಿ ಒಬ್ಬ ಮಹಿಳೆ, ಒಬ್ಬ ಪುರುಷ ಎಂಬ ಅಳತೆ ಬಂತು. ಆದರೆ ಮಹಿಳಾ ಕಾರ್ಯಕರ್ತೆಯ ಸಂಬಳಕ್ಕೆ ಕೇಂದ್ರದ ಕುಟುಂಬ ಕಲ್ಯಾಣ ನಿಧಿಯ ಆಸರೆ ಸಿಕ್ಕಿತು, ಪುರುಷ ಕಾರ್ಯಕರ್ತನ ಸಂಬಳ ರಾಜ್ಯಗಳ ಹೆಗಲಿಗೆ ಬಿತ್ತು. ಹಣ ಉಳಿಸಬೇಕಾದಾಗಲೆಲ್ಲ ದೇಶದ ಬಹುತೇಕ ರಾಜ್ಯಗಳು ಮಾಡಿದ್ದು ಒಂದೇ ಕೆಲಸ: ನಿವೃತ್ತರಾದ ಪುರುಷ ಕಾರ್ಯಕರ್ತರ ಜಾಗವನ್ನು ತುಂಬದೆ ಬಿಟ್ಟದ್ದು. ಸೊಳ್ಳೆ, ನೀರು, ಉಣುಗು, ಸಾಂಕ್ರಾಮಿಕ, ಅಂದರೆ ಹೆರಿಗೆಗೆ ಸೇರದ ಎಲ್ಲ ಹೊರಗಿನ ಕೆಲಸ ಅವನದಾಗಿತ್ತು. ಹುದ್ದೆ ಹೋಯಿತು, ಕೆಲಸ ಹೋಗಲಿಲ್ಲ. ಅದು ಗರ್ಭಿಣಿಯರ ತಾಯಿ ಕಾರ್ಡು, ಲಸಿಕೆಯ ಪೆಟ್ಟಿಗೆ, ಹತ್ತಾರು ರಿಜಿಸ್ಟರುಗಳನ್ನು ಆಗಲೇ ಹೊತ್ತಿದ್ದ ಆ ಹೆಣ್ಣುಮಗಳ ತಲೆಯ ಮೇಲೆ ಕೂತಿತು. ಎರಡು ಉಪಕೇಂದ್ರಗಳ ಪ್ರಭಾರ ಹೊತ್ತು, ಮಧ್ಯಾಹ್ನದ ಬುತ್ತಿಯನ್ನು ಬಸ್ ನಿಲ್ದಾಣದಲ್ಲಿ ಬಿಚ್ಚುವ ಸಹೋದ್ಯೋಗಿಗಳನ್ನು ನಾನು ಕಂಡಿದ್ದೇನೆ.

ಈಗ ನಮ್ಮ ಹುದ್ದೆಯ ಹೆಸರು ಬದಲಾಗಿದೆ. ಆಕೆ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’, ಅವನು ‘ಆರೋಗ್ಯ ನಿರೀಕ್ಷಣಾಧಿಕಾರಿ’. ಉಪಕೇಂದ್ರದ ಫಲಕದ ಮೇಲೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದು ಬರೆದಿದೆ. ಹೆಸರಿಗೆ ನನ್ನ ತಕರಾರಿಲ್ಲ, ಅಧಿಕಾರಿ ಎನಿಸಿಕೊಳ್ಳುವ ಆಸೆ ನಮಗೂ ಇತ್ತೆನ್ನಿ. ಮಂದಿರಕ್ಕೆ ಒಬ್ಬ ಸಮುದಾಯ ಆರೋಗ್ಯಾಧಿಕಾರಿಯನ್ನು ಕೊಟ್ಟದ್ದು ಒಳ್ಳೆಯ ಹೆಜ್ಜೆಯೇ, ಬಿ.ಎಸ್ಸಿ. ನರ್ಸಿಂಗ್ ಓದಿದ ಮಕ್ಕಳು ರಕ್ತದೊತ್ತಡ, ಸಕ್ಕರೆ ಕಾಯಿಲೆಯನ್ನು ಚೆನ್ನಾಗಿಯೇ ನೋಡುತ್ತಾರೆ. ಆದರೆ ಅವರು ಗುತ್ತಿಗೆಯವರು. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂದು ತಿಳಿಯದವರಿಂದ ಊರಿನ ನಂಟು ಬೆಳೆಸಿಕೊಳ್ಳಿ ಎಂದು ಕೇಳುವುದು ನ್ಯಾಯವಲ್ಲ.

ನಮ್ಮ ಬಜೆಟ್ ಭಾಷಣಗಳಲ್ಲಿ ಕೇಳುವುದು ಇದಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಜಿಲ್ಲೆಗೊಂದು ವೈದ್ಯಕೀಯ ಕಾಲೇಜು, ಇಂತಿಷ್ಟು ಲಕ್ಷದ ಚಿಕಿತ್ಸೆಯ ಕಾರ್ಡು, ಇವೇ ಆರೋಗ್ಯದ ಹೆಸರಿನಲ್ಲಿ ಚಪ್ಪಾಳೆ ಗಿಟ್ಟಿಸುವ ಸಂಗತಿಗಳು. ಯಶಸ್ವಿನಿಯಿಂದ ಹಿಡಿದು ವಾಜಪೇಯಿ ಆರೋಗ್ಯಶ್ರೀ, ಇಂದಿನ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದವರೆಗೆ ಈ ಯೋಜನೆಗಳು ಹೃದಯ, ಕಿಡ್ನಿ, ಕ್ಯಾನ್ಸರ್‌ನ ಕಷ್ಟದಿಂದ ಎಷ್ಟೋ ಕುಟುಂಬಗಳನ್ನು ಉಳಿಸಿವೆ, ಅದನ್ನು ಅಲ್ಲಗಳೆಯುವ ಕೃತಘ್ನತೆ ನನಗಿಲ್ಲ. ಆದರೆ ಈ ಕಾರ್ಡು ಆಸ್ಪತ್ರೆಯಲ್ಲಿ ಮಲಗಿದ ಮೇಲಷ್ಟೇ ಕೆಲಸ ಮಾಡುತ್ತದೆ. ನನ್ನ ನೆರೆಯ ಕೃಷಿಕರೊಬ್ಬರು ರಕ್ತದೊತ್ತಡದ ಮಾತ್ರೆಗೆ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಎರಡು ಸಲ ಹೋಗಿ, ‘ಸ್ಟಾಕಿಲ್ಲ, ಮುಂದಿನ ವಾರ ಬನ್ನಿ’ ಎಂಬ ಉತ್ತರ ಕೇಳಿ, ಮೂರನೆಯ ಸಲ ಹೋಗಲೇ ಇಲ್ಲ. ಕೆಲ ತಿಂಗಳ ನಂತರ ಪಾರ್ಶ್ವವಾಯು ಬಡಿದು ಅವರನ್ನು ಶಿವಮೊಗ್ಗಕ್ಕೆ, ಅಲ್ಲಿಂದ ಮಣಿಪಾಲಕ್ಕೆ ಸಾಗಿಸಿದಾಗ ಕಾರ್ಡು ನೆರವಿಗೆ ಬಂತು. ದಿನಕ್ಕೊಂದು ಮಾತ್ರೆಯಲ್ಲಿ ತಡೆಯಬಹುದಾಗಿದ್ದದ್ದಕ್ಕೆ ಸರ್ಕಾರವೇ ಲಕ್ಷದ ಲೆಕ್ಕದಲ್ಲಿ ಖರ್ಚು ಮಾಡಿತು, ಅವರ ಬಲಗೈ ಮಾತ್ರ ಮರಳಲಿಲ್ಲ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ಈಗಲೂ ತಮ್ಮ ಜೇಬಿನಿಂದಲೇ ತೆರುತ್ತಿದ್ದಾರೆ. ಅದರಲ್ಲಿ ದೊಡ್ಡ ಪಾಲು ಹೋಗುವುದು ಹೊರರೋಗಿಯಾಗಿ ತೋರಿಸಿಕೊಳ್ಳುವುದಕ್ಕೆ ಮತ್ತು ಔಷಧದ ಅಂಗಡಿಗೆ.

ಕೆಳಹಂತಕ್ಕೆ ಹಣ ಹಾಕಿದರೆ ಫಲ ಬರುತ್ತದೆಯೇ ಎಂದು ಕೇಳುವವರಿಗೆ ನಮ್ಮ ರಾಜ್ಯದ ತಾಯಂದಿರ ಮರಣದ ಲೆಕ್ಕವನ್ನು ತೋರಿಸಬೇಕು. 2001–03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2019–21ರಲ್ಲಿ ಆ ಸಂಖ್ಯೆ 63. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಗಿ ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ ಬಂದದ್ದು, 2008ರ ರಾಜ್ಯೋತ್ಸವದಂದು 108 ಆಂಬುಲೆನ್ಸ್ ಓಡತೊಡಗಿದ್ದು, ಮನೆಯ ಹೆರಿಗೆ ನಿಂತು ನೂರಕ್ಕೆ ತೊಂಬತ್ತೇಳು ಹೆರಿಗೆ ಆಸ್ಪತ್ರೆಯಲ್ಲಿ ಆಗುವಂತಾದದ್ದು, ಇವೆಲ್ಲ ಸೇರಿ ಆದ ಕೆಲಸ ಇದು. ಆಶಾ ಎಂಬ ಹೆಸರು ಮೊದಲು ಕಿವಿಗೆ ಬಿದ್ದಾಗ, ನಾಲ್ಕು ದಿನ ತರಬೇತಿ ಪಡೆದವರು ಏನು ಮಾಡಿಯಾರು ಎಂದು ಮೂಗು ಮುರಿದವರಲ್ಲಿ ನಾನೂ ಇದ್ದೆ, ನಾನು ತಪ್ಪಿದ್ದೆ. ಆದರೂ 2019–21ರಲ್ಲೇ ತಮಿಳುನಾಡಿನ ಸಂಖ್ಯೆ 49, ಕೇರಳದ್ದು 20. ಹಾಗೆಯೇ, ಈ ಇಳಿಕೆಗೆ ಹೆಗಲು ಕೊಟ್ಟ ಸುಮಾರು 42,000 ಆಶಾ ಕಾರ್ಯಕರ್ತೆಯರಲ್ಲಿ ಸಾವಿರಾರು ಮಂದಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಧರಣಿ ಕೂರಬೇಕಾಯಿತು ಎಂಬುದನ್ನೂ ಇದೇ ಸಾಲಿನಲ್ಲಿ ಬರೆದಿಡಬೇಕು.

ಇನ್ನು ಸೇತುವೆಯ ವಿಷಯ. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಕಡಿದುಹಾಕಿದ ಊರುಗಳಿಂದ ರೋಗಿಯನ್ನು ಲಾಂಚಿನಲ್ಲಿ ದಾಟಿಸಿ ಸಾಗರಕ್ಕೆ ತರುವ ಪಾಡನ್ನು ನಮ್ಮ ತಲೆಮಾರು ಕಂಡಿದೆ. ಸಂಜೆಯ ಕೊನೆಯ ಲಾಂಚು ಹೋದಮೇಲೆ ಹೆರಿಗೆ ನೋವು ಬಂದರೆ ದೇವರೇ ಗತಿ ಎನ್ನುತ್ತಿದ್ದರು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ದಿನ ನಾನೂ ಹೋಗಿ ಅದರ ಮೇಲೆ ನಡೆದು ಬಂದೆ. ಆದರೆ ಸೇತುವೆಯಾಯಿತಲ್ಲ, ಇನ್ನು ರೋಗಿಯನ್ನು ಬೇಗ ಸಾಗಿಸಬಹುದು ಎಂದು ಸುತ್ತಲಿನವರು ಸಂತೋಷಪಟ್ಟಾಗ ನನಗೆ ಹೊಳೆದದ್ದು ಬೇರೆ: ನಮ್ಮ ಇಡೀ ಆರೋಗ್ಯ ವ್ಯವಸ್ಥೆ ರೋಗಿಯನ್ನು ಮೇಲಕ್ಕೆ ಸಾಗಿಸುವುದನ್ನೇ ಚಿಕಿತ್ಸೆ ಎಂದು ನಂಬಿಬಿಟ್ಟಿದೆ. ಪ್ರಾಥಮಿಕ ಕೇಂದ್ರದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಮಂಗಳೂರಿಗೋ ಬೆಂಗಳೂರಿಗೋ ಒಂದು ಚೀಟಿ. ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞರಲ್ಲಿ ಶೇ 80ರ ಹತ್ತಿರ ಕೊರತೆಯಿದೆ ಎಂದು 2021–22ರ ಕೇಂದ್ರದ ಅಂಕಿಅಂಶವೇ ದೇಶದ ಮಟ್ಟಿಗೆ ಹೇಳಿರುವಾಗ ಆ ಚೀಟಿ ಬರೆಯುವ ವೈದ್ಯರನ್ನು ದೂರಿಯೂ ಪ್ರಯೋಜನವಿಲ್ಲ.

ಔಷಧದ ಮಾತು ಬಂದಿತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿದ್ದು, ಆ ಪೂರೈಕೆಯ ಬಳಕೆಯನ್ನು ಸರ್ಕಾರ ತಡೆಹಿಡಿಯಿತು. ಅದರ ನಂತರ ನಡೆದ ರಾಜಕೀಯ ಕೆಸರೆರಚಾಟದಲ್ಲಿ ಕಳೆದುಹೋದ ಪ್ರಶ್ನೆ ಇಷ್ಟೆ: ಬಾಟಲಿಯೊಂದು ಉಗ್ರಾಣದಿಂದ ಹೆರಿಗೆ ವಾರ್ಡಿಗೆ ಹೊರಡುವ ಮೊದಲು ಅದನ್ನು ಪರೀಕ್ಷಿಸಿ ಹಿಡಿಯಬೇಕಾದ ಜರಡಿ ಎಲ್ಲಿದೆ? ಪಕ್ಕದ ತಮಿಳುನಾಡು 1994ರಲ್ಲಿಯೇ ವೈದ್ಯಕೀಯ ಸೇವಾ ನಿಗಮವನ್ನು ಕಟ್ಟಿತು. ಜಿಲ್ಲೆಗೊಂದು ಉಗ್ರಾಣ, ಬಂದ ಔಷಧದ ಮಾದರಿಗೆ ತಯಾರಕರ ಗುರುತು ಕಾಣದಂತೆ ಸಂಕೇತ ಹಾಕಿ ಪ್ರಯೋಗಾಲಯಕ್ಕೆ ಕಳುಹಿಸಿ, ಪಾಸಾದ ಮೇಲೆ ಮಾತ್ರ ಬಿಡುಗಡೆ, ಪ್ರತಿ ಆಸ್ಪತ್ರೆಗೂ ಬ್ಯಾಂಕಿನಂತೆ ಒಂದು ಪಾಸ್‌ಬುಕ್ಕು, ಅದರಲ್ಲಿ ತನ್ನ ಪಾಲಿನ ಹಣವಿರುವವರೆಗೆ ಆಸ್ಪತ್ರೆ ತನಗೆ ಬೇಕಾದ ಔಷಧವನ್ನು ತಾನೇ ಎತ್ತಿಕೊಳ್ಳಬಹುದು. ನಮ್ಮಲ್ಲೂ ನಿಗಮವಿದೆ, ಉಗ್ರಾಣಗಳಿವೆ, ತಂತ್ರಾಂಶವಿದೆ. ಆದರೆ ನನ್ನ ಕಾಲದಲ್ಲಿ ನಾವು ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದ್ದು ಒಂದು, ಬರುತ್ತಿದ್ದದ್ದು ಇನ್ನೊಂದು. ಕೇಳದ ಕೆಮ್ಮಿನ ಔಷಧ ಪೆಟ್ಟಿಗೆಗಟ್ಟಲೆ, ಅದೂ ಅವಧಿ ಮುಗಿಯಲು ಮೂರು ತಿಂಗಳಿರುವಾಗ. ಇಂದಿಗೂ ‘ಸ್ಟಾಕಿಲ್ಲ’ ಎಂಬ ಮಾತು ಕಿವಿಗೆ ಬೀಳುತ್ತಿರುವುದರಿಂದ ಹಳೆಯ ಚಾಳಿ ಪೂರ್ತಿ ಹೋಗಿಲ್ಲ ಎಂದುಕೊಳ್ಳುತ್ತೇನೆ.

ತಮಿಳುನಾಡಿನಿಂದ ಕಲಿಯಬೇಕಾದದ್ದು ಇನ್ನೂ ಒಂದಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯ. 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆಯ ಕಾಲದಿಂದ ಅಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ನಿರ್ದೇಶನಾಲಯ, ಅದಕ್ಕೆಂದೇ ತರಬೇತಿ ಪಡೆದ ಅಧಿಕಾರಿಗಳ ಶ್ರೇಣಿ ಇದೆ. ನಮ್ಮಲ್ಲಿ ಮೂಳೆ ತಜ್ಞರೋ ಕಣ್ಣಿನ ತಜ್ಞರೋ ಜ್ಯೇಷ್ಠತೆಯ ಏಣಿ ಹತ್ತಿ ಒಂದು ದಿನ ತಾಲ್ಲೂಕು ಅಥವಾ ಜಿಲ್ಲಾ ಆರೋಗ್ಯಾಧಿಕಾರಿಯ ಕುರ್ಚಿಯಲ್ಲಿ ಕೂರುತ್ತಾರೆ. ಒಳ್ಳೆಯ ಶಸ್ತ್ರಚಿಕಿತ್ಸಕರೊಬ್ಬರನ್ನು ಕಳೆದುಕೊಂಡು, ಸಾಂಕ್ರಾಮಿಕದ ನಕ್ಷೆ ಓದಲು ಬಾರದ ಆಡಳಿತಗಾರರೊಬ್ಬರನ್ನು ಪಡೆಯುವ ಈ ವಿನಿಮಯದಲ್ಲಿ ಲಾಭ ಯಾರಿಗೂ ಇಲ್ಲ. 1946ರಲ್ಲಿ ಭೋರ್ ಸಮಿತಿ ವೈದ್ಯ ಸಮಾಜದ ವೈದ್ಯನಾಗಬೇಕು ಎಂದಿತ್ತು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಪ್ರತ್ಯೇಕ ಸಾರ್ವಜನಿಕ ಆರೋಗ್ಯ ಶ್ರೇಣಿ ರಚಿಸಿಕೊಳ್ಳಲು ರಾಜ್ಯಗಳಿಗೆ ಮಾರ್ಗಸೂಚಿ ಕೊಟ್ಟಿತು. 1930ರ ದಶಕದಲ್ಲೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕ ನಡೆಸಿದ ಮೈಸೂರಿನ ವಾರಸುದಾರರು ನಾವು. ಈ ವಿಷಯದಲ್ಲಿ ನೆರೆಯವರನ್ನು ನೋಡಿ ಕಲಿಯಬೇಕಾದ ಸ್ಥಿತಿ ಬಂದದ್ದು ಸ್ವಲ್ಪ ನಾಚಿಕೆಯ ಸಂಗತಿ.

ಹಣವೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುವುದಾಗಿ, ಅದರ ಮೂರನೇ ಎರಡು ಪಾಲನ್ನು ಪ್ರಾಥಮಿಕ ಆರೈಕೆಗೆ ಇಡುವುದಾಗಿ ಹೇಳಿತ್ತು. 2021–22ರಲ್ಲಿ, ಅದೂ ಕೋವಿಡ್ ಖರ್ಚಿನ ವರ್ಷದಲ್ಲಿ, ನಾವು ಮುಟ್ಟಿದ್ದು ಶೇ 1.84. ಇದ್ದ ಹಣವನ್ನೇ ಎಲ್ಲಿ ಹಾಕಬೇಕೆಂದು ತೀರ್ಮಾನಿಸುವ ಎದೆಗಾರಿಕೆಗೆ ಥಾಯ್ಲೆಂಡ್ ಒಂದು ಉದಾಹರಣೆ. ಅದು ಶ್ರೀಮಂತ ದೇಶವಾಗಿದ್ದ ಕಾಲದ ಮಾತಲ್ಲ. 1982ರಿಂದ 1986ರವರೆಗೆ ಆ ದೇಶ ನಗರದ ದೊಡ್ಡ ಆಸ್ಪತ್ರೆಗಳಿಗೆ ಹೊಸ ಬಂಡವಾಳ ಹಾಕುವುದನ್ನು ನಿಲ್ಲಿಸಿ, ಆ ಹಣವನ್ನು ಜಿಲ್ಲಾ ಆಸ್ಪತ್ರೆ ಮತ್ತು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಹರಿಸಿತು. ಹೊಸದಾಗಿ ಓದಿ ಬಂದ ವೈದ್ಯರು ಮೂರು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಟ್ಟಳೆ ಅದಕ್ಕೂ ಹಿಂದಿನಿಂದ ಇತ್ತು. ತಳಪಾಯ ಹಾಕಿ ಹದಿನೈದಿಪ್ಪತ್ತು ವರ್ಷವಾದ ಮೇಲೆ, 2002ರಲ್ಲಿ, 30 ಬಾತ್ ಕೊಟ್ಟರೆ ಚಿಕಿತ್ಸೆ ಎಂಬ ಯೋಜನೆಯನ್ನು ಎಲ್ಲರಿಗೂ ತೆರೆಯಿತು. ನಾವು ಮೊದಲು ಕಾರ್ಡು ಹಂಚಿದೆವು, ಆರೋಗ್ಯ ಕೇಂದ್ರಗಳಿಗೆ ಸಿಬ್ಬಂದಿ ತುಂಬುವುದನ್ನು ಆಮೇಲೆ ನೋಡೋಣ ಎಂದೆವು. ದೇಶದಲ್ಲೇ ಅತಿ ಹೆಚ್ಚು ವೈದ್ಯಕೀಯ ಸೀಟುಗಳಿರುವ ರಾಜ್ಯಗಳಲ್ಲಿ ಒಂದಾದ ಕರ್ನಾಟಕದಲ್ಲಿ ಒಂದು ವರ್ಷದ ಗ್ರಾಮೀಣ ಸೇವೆಯ ಕಾಯ್ದೆ 2012ರಲ್ಲಿ ಬಂದರೂ ಅದು ಸುತ್ತಿದ ನ್ಯಾಯಾಲಯಗಳ ಸಂಖ್ಯೆ, ತಲುಪಿದ ಹಳ್ಳಿಗಳ ಸಂಖ್ಯೆಗಿಂತ ಕಡಿಮೆಯೇನಲ್ಲ ಎಂದು ನಮ್ಮಲ್ಲಿ ತಮಾಷೆ ಮಾಡುವುದುಂಟು.

2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ; ಮನೆಬಾಗಿಲಿಗೆ ಹೋಗಿ ರಕ್ತದೊತ್ತಡ, ಮಧುಮೇಹ ತಪಾಸಣೆ ಮಾಡಿ ಮಾತ್ರೆ ಕೊಡುವುದು ನನ್ನ ನೆರೆಯವರಂಥವರಿಗೆ ಬೇಕಾಗಿದ್ದ ಕೆಲಸ. ಆದರೆ ಬಾಗಿಲು ತಟ್ಟುವ ಕೈ ಅದೇ ಆಶಾ ಕಾರ್ಯಕರ್ತೆಯದು, ಅದೇ ಸುರಕ್ಷಾಧಿಕಾರಿಯದು. ಹುದ್ದೆ ತುಂಬದೆ ಯೋಜನೆಯ ಮೇಲೆ ಯೋಜನೆ ಹೇರಿದರೆ ತುಂಬುವುದು ಮೊಬೈಲ್ ತಂತ್ರಾಂಶದ ಅಂಕಣಗಳು ಮಾತ್ರ. ಡಾ. ಎಚ್. ಸುದರ್ಶನ್ ಅವರ ನೇತೃತ್ವದ ಕಾರ್ಯಪಡೆ ಭ್ರಷ್ಟಾಚಾರ, ಸಾರ್ವಜನಿಕ ಆರೋಗ್ಯದ ಕಡೆಗಣನೆ, ಪ್ರಾಥಮಿಕ ಆರೋಗ್ಯ ಸೇವೆಯ ವಿಕಾರಗಳನ್ನು ಹೆಸರಿಸಿ ಸರ್ಕಾರಕ್ಕೆ ವರದಿ ಕೊಟ್ಟದ್ದು 2001ರಲ್ಲಿ. ಹೊಸ ಸಮಿತಿ ಬೇಡ, ಆ ವರದಿಯ ಧೂಳು ಕೊಡವಿದರೂ ಸಾಕು.

ಸದ್ಯಕ್ಕೆ ನಾನು ಆರೋಗ್ಯ ಸಚಿವರಲ್ಲಿ ತಮ್ಮ ಪತ್ರಿಕೆಯ ಮೂಲಕ ಕೇಳುವುದು ದೊಡ್ಡದೇನಲ್ಲ. ಉಣುಗು ಮೈಹತ್ತುವ ಕಾಲ ಡಿಸೆಂಬರಿನಲ್ಲಿ ಶುರುವಾಗಿ ಮೇ ತನಕ ಇರುತ್ತದೆ. ಅದಕ್ಕೆ ಮೊದಲು ಮಂಗನ ಕಾಯಿಲೆಯ ಇತಿಹಾಸವಿರುವ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಆರೋಗ್ಯ ನಿರೀಕ್ಷಣಾಧಿಕಾರಿಗಳು, ಎಷ್ಟು ಸುರಕ್ಷಾಧಿಕಾರಿಗಳು, ಎಷ್ಟು ಪ್ರಯೋಗಾಲಯ ತಂತ್ರಜ್ಞರು ಇರಬೇಕಿತ್ತು, ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಎಷ್ಟು ಮಂದಿ ನಿಯೋಜನೆಯ ಮೇಲೆ ಬೇರೆಡೆ ಕುಳಿತಿದ್ದಾರೆ ಎಂಬುದನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರೆಸಲಿ. ನಿಯೋಜನೆಯವರನ್ನು ನವೆಂಬರ್ ಮುಗಿಯುವುದರೊಳಗೆ ಮೂಲ ಸ್ಥಳಕ್ಕೆ ಮರಳಿಸಲಿ. ಖಾಲಿ ಹುದ್ದೆಗಳಿಗೆ ಕಾಯಂ ನೇಮಕಾತಿಯ ದಿನಾಂಕ ಪ್ರಕಟಿಸಲಿ. ಆ ಫಲಕದ ಕೊನೆಯ ಸಾಲಿನಲ್ಲಿ ಒಂದು ಹೆಸರು, ಒಂದು ಫೋನ್ ಸಂಖ್ಯೆ ಇರಲಿ. ಮಂಗ ಸತ್ತದ್ದು ಕಂಡವರು ನನಗೆ ಫೋನ್ ಮಾಡುವುದು ತಪ್ಪಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ